ಶೋರೂಮಲ್ಲಿ ಇದ್ದಿದ್ದೇ ಗಾಡಿ

(1/5)
ಶನಿವಾರ ಮುತ್ತತ್ತಿಗೆ ಬನ್ನಿ, ಮುತ್ತೆತ್ತರಾಯನ ಗುಡಿ ಹತ್ರ ಹೊಸ ಬೈಕುಗಳು ಪೂಜೆಗೆ ನಿಂತಿರ್ತವೆ. ಹ್ಯಾಂಡಲ್‌ಗೆ ಹೂವಿನ ಹಾರ, ಟ್ಯಾಂಕ್ ಮೇಲೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಹೋದ ವಾರ ಸುಮ್ನೆ ಎಣಿಸಿದೆ. ಏಳು ಬೈಕು, ಅದರಲ್ಲಿ ಐದು ಒಂದೇ ಮಾಡೆಲ್. ಮೊದಲನೇ ಫೋಟೋ ಅದೇ.

ಐದು ಜನಕ್ಕೂ ಒಂದೇ ಗಾಡಿ ಇಷ್ಟ ಆಯ್ತು ಅಂದ್ಕೋಬೇಡಿ. ಎರಡು ತಿಂಗಳಿಂದ ನಾನೂ ಬೈಕ್ ಹುಡುಕ್ತಾ ಮಳವಳ್ಳಿ, ಮದ್ದೂರು, ಮಂಡ್ಯ ಅಂತ ಸುತ್ತುತ್ತಿದ್ದೀನಿ. ನನಗೆ ಬೇಕಾದ ಮಾಡೆಲ್ ಕೇಳಿದ್ರೆ ಎಲ್ಲಾ ಕಡೆ ಒಂದೇ ಉತ್ತರ: 'ಅದು ಸ್ಟಾಕ್ ಇಲ್ಲ ಬ್ರದರ್, ಅಡ್ವಾನ್ಸ್ ಕಟ್ಟಿದ್ರೆ ತರಿಸ್ತೀವಿ. ಇದಾದ್ರೆ ನಾಳೆನೇ ಡೆಲಿವರಿ.' ಓಡಿಸಿ ನೋಡೋಣ ಅಂದ್ರೆ ಗಾಡಿನೇ ಇಲ್ಲ. ನೋಡದೇ ಇರೋ ಗಾಡಿಗೆ ದುಡ್ಡು ಕಟ್ಟೋದು ಹೆಂಗೆ?

ಮನೇಲಿ ಬಂದು ಗೊಣಗಿದೆ. ತಾತ ನಕ್ಕುಬಿಟ್ರು. 'ನಮ್ ಕಾಲ್ದಲ್ಲಿ ದೇಶಕ್ಕೇ ಇದ್ದಿದ್ದು ಮೂರು ಗಾಡಿ ಕಣ್ಲಾ, ನೀನೊಬ್ಬ' ಅಂದ್ರು. ಅದು ಎಷ್ಟು ನಿಜ ಅಂತ ಹುಡುಕ್ತಾ ಹೋಗಿದ್ದೇ ಈ ಸರಣಿ. ನಿಧಾನಕ್ಕೆ ಓದಿ.

(2/5)
ತಾತನ ಲೆಕ್ಕ ಹೆಚ್ಚು ಕಡಿಮೆ ಸರಿ. 1960, 70ರ ದಶಕದಲ್ಲಿ ಮೋಟಾರ್‌ಸೈಕಲ್ ಬೇಕು ಅಂದ್ರೆ ಮುಖ್ಯವಾಗಿ ಮೂರು ಹೆಸರು. ಮದ್ರಾಸಿನ ಬುಲೆಟ್, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್, ನಮ್ಮ ಮೈಸೂರಿನ ಜಾವಾ. ಬುಲೆಟ್ ಮೂಲ ಇಂಗ್ಲೆಂಡ್, ರಾಜದೂತ್ ಮೂಲ ಪೋಲೆಂಡ್, ಜಾವಾ ಮೂಲ ಆಗಿನ ಚೆಕೊಸ್ಲೊವಾಕಿಯಾ.

ಯಾಕೆ ಮೂರೇ? ಬಿಕಾಂನಲ್ಲಿ ನಾವು ಒಂದೇ ಸಾಲಲ್ಲಿ ಓದಿ ಮುಗಿಸೋ 'ಲೈಸೆನ್ಸ್ ರಾಜ್' ಇಲ್ಲಿ ಬರುತ್ತೆ. 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಪ್ರಕಾರ ಫ್ಯಾಕ್ಟರಿ ಹಾಕೋಕೆ ಸರ್ಕಾರದ ಲೈಸೆನ್ಸ್ ಬೇಕು. ಎಷ್ಟು ಗಾಡಿ ಮಾಡಬಹುದು ಅನ್ನೋದೂ ಆ ಲೈಸೆನ್ಸಲ್ಲೇ ಇರ್ತಿತ್ತು. ಬೇಡಿಕೆ ಜಾಸ್ತಿ ಆಯ್ತು ಅಂತ ನಿಮ್ಮಿಷ್ಟಕ್ಕೆ ಜಾಸ್ತಿ ಮಾಡೋ ಹಂಗಿಲ್ಲ. ವಿದೇಶಿ ವಿನಿಮಯ ಕಡಿಮೆ, ಹಂಗಾಗಿ ಹೊರಗಿಂದ ಗಾಡಿ ತರಿಸೋದಕ್ಕೂ ತಡೆ. ಇವತ್ತು ನಿಮಗೆ ಸಿಗ್ತಿಲ್ಲ ಅಂದ್ರೆ ಅದು ಡೀಲರ್ ಹತ್ರ ಇಲ್ಲ ಅಂತ. ಆಗ ಸಿಗ್ತಿಲ್ಲ ಅಂದ್ರೆ ದೇಶದಲ್ಲೇ ಇಲ್ಲ ಅಂತ.

ಬೈಕಿಗಿಂತ ಸ್ಕೂಟರಿನ ಕಥೆ ಇನ್ನೂ ಕಷ್ಟ. ಬಜಾಜ್ ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯೋರು. ಮಗ ಹುಟ್ಟಿದಾಗ ಬುಕ್ ಮಾಡಿದ್ರೆ ಅವನು ಮಿಡ್ಲ್ ಸ್ಕೂಲ್ ಸೇರೋ ಹೊತ್ತಿಗೆ ಗಾಡಿ ಬರ್ತಿತ್ತು ಅಂತ ತಾತ ಅಂತಾರೆ. ತಮಾಷೆಗೆ ಹೇಳಿದ್ರೂ ಪೂರ್ತಿ ಸುಳ್ಳಲ್ಲ.

(3/5)
ಈಗ ಮೈಸೂರಿಗೆ ಹೋಗೋಣ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಜಾವಾ ಕಂಪನಿಯಿಂದ ಪರವಾನಗಿ ತಗೊಂಡು ಐಡಿಯಲ್ ಜಾವಾ ಶುರು ಮಾಡಿದ್ರು. ಯಾದವಗಿರಿಯ ಫ್ಯಾಕ್ಟರಿಯನ್ನ 1961ರಲ್ಲಿ ಉದ್ಘಾಟಿಸಿದ್ದು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಮೊದಲು ಬಂದಿದ್ದು ಜಾವಾ 250. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಅಂತ ಬಂತು. ಇರಾನಿನ ಯಜ್ದ್ ಅನ್ನೋ ಊರಿನ ಹೆಸರಿಂದ ಬಂದಿದ್ದು ಅದು. ನಮ್ಮ ಕಡೆ ಮಾತ್ರ ಹೆಸರು ಬದಲಾದ್ರೂ ತುಂಬಾ ಜನ ಅದನ್ನ ಜಾವಾ ಅಂತಲೇ ಕರೀತಿದ್ರು.

ಮೂರನೇ ಫೋಟೋ ಜೂಮ್ ಮಾಡಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರೂ ಗೇರ್ ಹಾಕೋ ಲಿವರೂ ಒಂದೇ: ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ವಾಪಸ್ ಮಡಚಿದ್ರೆ ಗೇರ್. ಗೇರ್ ಲಿವರ್ ಒತ್ತಿದ್ರೆ ಕ್ಲಚ್ಚೂ ತಾನಾಗೇ ಬಿಡ್ತಿತ್ತು. ಅಂದ್ರೆ ದಾರೀಲಿ ಕ್ಲಚ್ ಕೇಬಲ್ ಕಿತ್ತೋದ್ರೂ ಮನೆ ಸೇರಬಹುದು. ಹಲಗೂರು ದಾಟಿ ಮುತ್ತತ್ತಿ ಕಾಡಿನ ದಾರಿ ಓಡಿಸಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ. ಟೂ-ಸ್ಟ್ರೋಕ್ ಇಂಜಿನ್, ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕು. ಫೋಟೋದಲ್ಲಿ ಆ ಹೊಗೆ ಕಾಣಲ್ಲ, ಆದ್ರೆ ಕ್ಯಾಮೆರಾ ಹಿಡಿದಿದ್ದ ನನಗೆ ಕೆಮ್ಮು ಬಂತು.

ಆಯ್ಕೆ ಕಡಿಮೆ ಇದ್ದಿದ್ದರಿಂದ ಒಂದು ಒಳ್ಳೇದೂ ಆಯ್ತು, ಅದನ್ನ ಒಪ್ಪಿಕೊಳ್ಳಲೇಬೇಕು. ಇಂಜಿನ್ ವರ್ಷಾನುಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಹಂಗಾಗಿ ಯಾವ ಊರಿನ ಮೆಕ್ಯಾನಿಕ್ ಆದ್ರೂ ಕಣ್ಮುಚ್ಚಿ ಬಿಚ್ಚೋನು. ಒಂದು ಗಾಡಿಯ ಸಾಮಾನು ಇನ್ನೊಂದಕ್ಕೆ ಕೂರ್ತಿತ್ತು. ತಾತನ ಸ್ನೇಹಿತರ ರೋಡ್‌ಕಿಂಗ್ ಇವತ್ತಿಗೂ ಮುತ್ತತ್ತಿಗೆ ಬರೋದು ಇದೇ ಕಾರಣಕ್ಕೆ. ಈಗಿನ ಬೈಕಿಗೆ ಸೆನ್ಸರ್ ಹೋದ್ರೆ ನಮ್ಮೂರ ಗ್ಯಾರೇಜಲ್ಲಿ 'ಶೋರೂಮಿಗೇ ಹೋಗಪ್ಪ' ಅಂತಾರೆ.

(4/5)
1980ರ ದಶಕದ ಮಧ್ಯದಲ್ಲಿ ಸರ್ಕಾರ ನಿಯಮ ಸಡಿಲ ಮಾಡ್ತು, ಜಪಾನ್ ಕಂಪನಿಗಳ ಜೊತೆ ಸೇರಿ 100 ಸಿಸಿ ಬೈಕ್ ಮಾಡೋಕೆ ಅವಕಾಶ ಸಿಕ್ತು. ನಮ್ಮ ಗಡಿ ದಾಟಿದ್ರೆ ಸಿಗೋ ಹೊಸೂರಿನಿಂದ ಇಂಡ್-ಸುಜುಕಿ, ಆಮೇಲೆ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಮೂರು ಹೆಸರು ಇದ್ದ ಜಾಗದಲ್ಲಿ ಎರಡು ಮೂರು ವರ್ಷಕ್ಕೆ ಏಳೆಂಟು ಹೆಸರು.

ಹೀರೋ ಹೋಂಡಾ ಲೀಟರಿಗೆ 80 ಕಿಲೋಮೀಟರ್ ಅಂತ ಹೇಳ್ಕೊಂಡು ಮಾರಾಟ ಆಯ್ತು. ಯೆಜ್ಡಿ 30ರ ಆಸುಪಾಸು. ಹಾಲಿನ ಡೈರಿಗೆ, ಕಬ್ಬಿನ ಗದ್ದೆಗೆ, ತಾಲೂಕು ಆಫೀಸಿಗೆ ದಿನಾ ಓಡಾಡೋನು ಯಾವುದನ್ನ ತಗೋತಾನೆ? ನೀವೇ ಹೇಳಿ. ಯೆಜ್ಡಿ ಮೇಲೆ ಪ್ರೀತಿ ಇದ್ದೋರೂ ಪೆಟ್ರೋಲ್ ಬಂಕಲ್ಲಿ ಸೋತ್ರು. ಹೊಗೆ ನಿಯಮಗಳೂ ಬಿಗಿಯಾಗ್ತಾ ಬಂದ್ವು. 1996ರಲ್ಲಿ ಯಾದವಗಿರಿಯ ಫ್ಯಾಕ್ಟರಿ ಬಂದ್.

ಕಂಪನಿ ಸೋಮಾರಿತನ ಮಾಡ್ತು ಅಂತ ಬರೆಯೋದು ಸುಲಭ. ನನಗೆ ಹಂಗನ್ಸಲ್ಲ. ಎಷ್ಟು ಮಾಡಬೇಕು ಅಂತ ಸರ್ಕಾರವೇ ಗೆರೆ ಹಾಕಿದ್ರೆ, ಹೊರಗಿನ ಯಂತ್ರ ತರಿಸೋಕೂ ಅಪ್ಪಣೆ ಬೇಕಿದ್ರೆ, ಹೊಸ ಇಂಜಿನ್ನಿಗೆ ದುಡ್ಡು ಹಾಕೋಕೆ ಯಾರಿಗೆ ಧೈರ್ಯ ಬರುತ್ತೆ? ಇದರ ಪೆಟ್ಟು ಬಿದ್ದಿದ್ದು ಮಾತ್ರ ಲೈಸೆನ್ಸ್ ಬರೆದೋರಿಗಲ್ಲ. 20, 25 ವರ್ಷ ಅದೇ ಇಂಜಿನ್ ಜೋಡಿಸಿದ ಕೈಗಳಿಗೆ. ಜಾವಾ ರ‍್ಯಾಲಿ ಫೋಟೋ ಹಾಕೋರು ಅವರ ಬಗ್ಗೆ ಒಂದು ಸಾಲೂ ಬರೆಯಲ್ಲ, ಅದು ನನಗೆ ಬೇಜಾರು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಿಂದ ವಾಪಸ್ ಬಂದ್ವು. ಆ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಲ್ಲಲ್ಲ.

(5/5)
ಹಂಗಾದ್ರೆ ಲೈಸೆನ್ಸ್ ಹೋಗಿ ಇಷ್ಟು ವರ್ಷ ಆದ್ಮೇಲೂ ನಮ್ಮ ತಾಲೂಕಿನ ಶೋರೂಮಲ್ಲಿ ಯಾಕೆ ಎರಡೋ ಮೂರೋ ಮಾಡೆಲ್? ಇದಕ್ಕೆ ಸರ್ಕಾರ ಕಾರಣ ಅಲ್ಲ, ಬಡ್ಡಿ ಕಾರಣ. ಡೀಲರ್ ಸಾಮಾನ್ಯವಾಗಿ ಬ್ಯಾಂಕ್ ಸಾಲದಲ್ಲಿ ಗಾಡಿ ತಂದಿಟ್ಟಿರ್ತಾರೆ. ನಿಂತಷ್ಟು ದಿನ ಬಡ್ಡಿ ಓಡುತ್ತೆ. 100, 125 ಸಿಸಿ ಗಾಡಿ ಬೇಗ ಹೋಗುತ್ತೆ, ನಾನು ಕೇಳಿದ್ದು ತಿಂಗಳಿಗೆ ಒಂದು ಹೋದ್ರೆ ಹೆಚ್ಚು. ಅಕೌಂಟ್ಸ್ ಪರೀಕ್ಷೆಯಲ್ಲಿ ಇನ್ವೆಂಟರಿ ಟರ್ನೋವರ್ ಲೆಕ್ಕ ಮಾಡಿ ಫುಲ್ ಮಾರ್ಕ್ಸ್ ತಗೊಂಡೋನು ನಾನು, ಅದೇ ಲೆಕ್ಕ ನನ್ನ ಮೇಲೇ ಬಿದ್ದಾಗ ಸಿಟ್ಟು ಬಂತು.

ಅಪ್ಪ ಕಬ್ಬಿನ ದುಡ್ಡು ಬಂದ್ಮೇಲೆ ನೋಡೋಣ ಅಂದಿದ್ದಾರೆ. ಅಷ್ಟರೊಳಗೆ ಮೈಸೂರಿಗೆ ಹೋಗಿ ಆ ಮಾಡೆಲ್ ಒಂದು ಸಲ ಓಡಿಸಿ ನೋಡ್ತೀನಿ. ಕಾಲು ನೆಲಕ್ಕೆ ಸಿಗದಿದ್ರೆ ಗುಡಿ ಮುಂದೆ ಆರನೇ ಗಾಡಿ ನಂದೇ.

ಕೊನೇ ಫೋಟೋದಲ್ಲಿ ರೋಡ್‌ಕಿಂಗ್ ಸ್ಟಾರ್ಟ್ ಮಾಡ್ತಿರೋದು ತಾತ. ಮೂರನೇ ಕಿಕ್ಕಿಗೆ ಬಂತು. ನಿಮ್ಮ ಮನೇಲಿ ಯಾರಾದ್ರೂ ಯಾದವಗಿರಿ ಫ್ಯಾಕ್ಟರೀಲಿ ಕೆಲಸ ಮಾಡಿದ್ರೆ ಮೆಸೇಜ್ ಮಾಡಿ, ಅವರ ಮಾತು ಕೇಳಿ ಮುಂದಿನ ಭಾಗ ಬರೀತೀನಿ.

#ಮುತ್ತತ್ತಿ #ಮೈಸೂರುಜಾವಾ #ಯೆಜ್ಡಿ #ಮಂಡ್ಯ