ಬೈಪೋಲಾರ್ ಕಾಯಿಲೆ: ಯಾವ ಡಾಕ್ಟರ್ ಹತ್ರ ಹೋಗಬೇಕು, ಚಿಕಿತ್ಸೆ ಹೇಗೆ ಮುಂದುವರಿಸಬೇಕು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ಪೂರ್ಣ ಮಾಹಿತಿ

ಹಾವೇರಿ: ವಾರದಿಂದ ರಾತ್ರಿ ಎರಡು ತಾಸು ಮಾತ್ರ ನಿದ್ದೆ, ಆದರೂ ದಣಿವಿಲ್ಲ. ನಸುಕಿನ ಮೂರಕ್ಕೇ ಅಂಗಡಿ ಶಟರ್ ಎತ್ತುವುದು, ಬೇಡದ ಮಾಲಿಗೆ ಆರ್ಡರ್ ಕೊಡುವುದು, ಕೇಳಿದವರಿಗೆಲ್ಲ ಉದ್ರಿ ಕೊಡುವುದು, ಸಾಲ ಮಾಡಿ ಹೊಸ ಗಾಡಿ ತರುವುದು, ತಡೆದರೆ ಸಿಟ್ಟು. ಕೆಲವು ತಿಂಗಳ ನಂತರ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ, ಗಿರಾಕಿ ಮುಖ ನೋಡಲೂ ಬೇಸರ. ಮನೆಯವರು ಮೊದಲನೆಯದಕ್ಕೆ ‘ಸೊಕ್ಕು’ ಅಂತಾರೆ, ಎರಡನೆಯದಕ್ಕೆ ‘ಆಲಸ್ಯ’ ಅಂತಾರೆ. ಆದರೆ ಇವೆರಡೂ ಒಂದೇ ಕಾಯಿಲೆಯ ಎರಡು ಮುಖ ಆಗಿರಬಹುದು. ಅದಕ್ಕೆ ಬೈಪೋಲಾರ್ ಕಾಯಿಲೆ ಎಂದು ಹೆಸರು. ಏರಿದ ಹಂತಕ್ಕೆ ಉನ್ಮಾದ, ಇಳಿದ ಹಂತಕ್ಕೆ ಖಿನ್ನತೆ ಎನ್ನುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 1000ಕ್ಕೆ ಸುಮಾರು 3 ಜನರಿಗೆ ಈ ಕಾಯಿಲೆ ಇದೆ. ಅವರಲ್ಲಿ ಶೇ 70ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದಂತೆ ಇದೂ ವರ್ಷಗಟ್ಟಲೆ ನಿಗಾ ಬೇಡುವ ಕಾಯಿಲೆ. ಹಾಗಾಗಿ ‘ದೊಡ್ಡ ಡಾಕ್ಟರ್’ ಹುಡುಕುವುದಕ್ಕಿಂತ, ಪ್ರತಿ ತಿಂಗಳು ಹೋಗಿ ಬರಲು ಸಾಧ್ಯವಿರುವ ಒಬ್ಬ ಡಾಕ್ಟರನ್ನು ಹಿಡಿದು ಅವರಲ್ಲೇ ಮುಂದುವರಿಯುವುದು ಮುಖ್ಯ.

ಎಲ್ಲಿ ಸಿಗುತ್ತದೆ ಚಿಕಿತ್ಸೆ?

ತಾಲ್ಲೂಕು ಆಸ್ಪತ್ರೆ: ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಸಲಾಗುತ್ತದೆ. ನಿಮ್ಮ ತಾಲ್ಲೂಕಿನ ಸರದಿ ತಿಂಗಳ ಯಾವ ಮಂಗಳವಾರ ಎಂದು ರಾಣೆಬೆನ್ನೂರು ಅಥವಾ ಬ್ಯಾಡಗಿ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ.

ಹಾವೇರಿ ಜಿಲ್ಲಾಸ್ಪತ್ರೆ: ‘ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗ ಎಲ್ಲಿ’ ಎಂದು ಕೇಳಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಈ ಕಾರ್ಯಕ್ರಮ ಶುರುವಾಯಿತು.

ಧಾರವಾಡದ ಡಿಮ್ಹಾನ್ಸ್: 1845ರಲ್ಲಿ ಶುರುವಾದ ಆಸ್ಪತ್ರೆ. ‘ಧಾರವಾಡಕ್ಕ ಕಳಸಬೇಕು ನೋಡು’ ಎಂಬ ಗೇಲಿ ಮಾತು ನಮ್ಮ ಕಡೆ ಈಗಲೂ ಇದೆ. ಆ ಒಂದು ಮಾತಿನಿಂದಲೇ ಎಷ್ಟೋ ಮನೆಯವರು ಮೆಟ್ಟಿಲು ಹತ್ತಿಲ್ಲ. ವಾಸ್ತವದಲ್ಲಿ ಅಲ್ಲಿಗೆ ಬರುವ ಬಹಳ ಮಂದಿ ಹೊರರೋಗಿಗಳು. ಬೆಳಿಗ್ಗೆ ಹೋಗಿ, ತೋರಿಸಿಕೊಂಡು, ಮಾತ್ರೆ ತಗೊಂಡು ಸಂಜೆ ಊರಿಗೆ ವಾಪಸ್.

ಹುಬ್ಬಳ್ಳಿ, ದಾವಣಗೆರೆ: ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ.

ಫೋನ್ ಮೂಲಕ: ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕು. ಬಿಪಿಎಲ್ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆಯೇ ಉಚಿತ.

ದೂರದ ಊರೋ, ಹತ್ತಿರದ್ದೋ?

ತಾಲ್ಲೂಕು ಆಸ್ಪತ್ರೆ ಸಾಲಲ್ಲಿ ನಿಂತರೆ ಪರಿಚಯದವರು ನೋಡ್ತಾರೆ, ನಾಳೆ ಮಗಳ ಮದುವೆಗೆ ಅಡ್ಡಿ ಆಗುತ್ತೆ, ದಲಾಲಿ ಅಂಗಡಿಯಲ್ಲಿ ನಂಬಿಕೆ ಹೋಗುತ್ತೆ ಎಂಬ ಅಂಜಿಕೆ ಸುಳ್ಳಲ್ಲ. ಹಾಗಾಗಿಯೇ ಅನೇಕರು ದೂರದ ನಗರಕ್ಕೆ ಹೋಗಿ ಒಮ್ಮೆ ತೋರಿಸಿ ಬರುತ್ತಾರೆ. ಎರಡನೇ ಸಲ ಬಸ್ ಖರ್ಚು, ಅಂಗಡಿ ಬಂದ್ ಮಾಡಬೇಕಾದ ತೊಂದರೆ. ಮೂರನೇ ಸಲ ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲೇ ಮಾತ್ರೆ ಖರೀದಿ. ಅಲ್ಲಿಗೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಇದಕ್ಕೆ ಒಂದು ಮಧ್ಯದ ದಾರಿ ಇದೆ. ಮೊದಲ ತಪಾಸಣೆಯನ್ನು ಧಾರವಾಡ, ಹುಬ್ಬಳ್ಳಿ ಅಥವಾ ದಾವಣಗೆರೆಯಲ್ಲಿ ಮಾಡಿಸಿ, ಅವರ ಚೀಟಿ ಇಟ್ಟುಕೊಂಡು ಹಾವೇರಿಯಲ್ಲೋ ತಾಲ್ಲೂಕು ಕ್ಲಿನಿಕ್‌ನಲ್ಲೋ ಮುಂದುವರಿಸಬಹುದು. 2020ರ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಮುಂದಿನ ಕೆಲವು ಭೇಟಿಗಳನ್ನು ವಿಡಿಯೊ ಕರೆಯಲ್ಲೂ ಮಾಡಬಹುದು, ಡಾಕ್ಟರನ್ನೇ ಕೇಳಿ. ರೋಗಿಯ ವಿಷಯವನ್ನು ಆಸ್ಪತ್ರೆಯವರು ಗುಟ್ಟಾಗಿ ಇಡಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಒಳ್ಳೆಯ ಮನೋವೈದ್ಯರನ್ನು ಗುರುತಿಸುವುದು ಹೇಗೆ?

ಮೊದಲು ಪದವಿ ನೋಡಿ. ಎಂಬಿಬಿಎಸ್ ಜೊತೆಗೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಇರಬೇಕು. ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಅದೂ ಬೇಕು. ಆದರೆ ಈ ಕಾಯಿಲೆಗೆ ಮಾತ್ರೆ ಬರೆಯಬೇಕಾದವರು ಮನೋವೈದ್ಯರೇ. ಆಮೇಲೆ ಈ ಅಂಶಗಳನ್ನು ಗಮನಿಸಿ:

- ‘ಬೇಸರ ಆಗ್ತದೆ’ ಎಂದು ಹೋದವರಿಗೂ ‘ಹಿಂದೆ ಯಾವಾಗಾದರೂ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ ಇತ್ತೇ’ ಎಂದು ಕೇಳುತ್ತಾರೆ. ಇದು ಬಹಳ ಮುಖ್ಯ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದು.
- ರೋಗಿಯ ಜೊತೆ ಒಂಟಿಯಾಗಿ ಮಾತಾಡುತ್ತಾರೆ, ಮನೆಯವರ ಮಾತೂ ಕೇಳುತ್ತಾರೆ.
- ‘ಸಾಯಬೇಕು ಅನ್ನೋ ವಿಚಾರ ಬರ್ತದಾ’ ಎಂದು ಹಿಂಜರಿಯದೆ ಕೇಳುತ್ತಾರೆ. ಹೀಗೆ ಕೇಳುವುದರಿಂದ ಆ ವಿಚಾರ ಹೊಸದಾಗಿ ತಲೆಗೆ ಬರುವುದಿಲ್ಲ.
- ಮಾತ್ರೆಯ ಹೆಸರು, ಅಡ್ಡ ಪರಿಣಾಮ, ಯಾವ ರಕ್ತ ಪರೀಕ್ಷೆ ಬೇಕು, ಮತ್ತೆ ಯಾವಾಗ ಬರಬೇಕು ಎಂದು ಹೇಳುತ್ತಾರೆ.
- ತುರ್ತು ಬಂದರೆ ಎಲ್ಲಿಗೆ ಹೋಗಬೇಕು ಎಂದು ಮೊದಲೇ ತಿಳಿಸುತ್ತಾರೆ.

‘ಮೂರು ತಿಂಗಳಲ್ಲಿ ಬೇರುಸಹಿತ ವಾಸಿ, ಗ್ಯಾರಂಟಿ’ ಎನ್ನುವವರಿಂದ, ಹೆಸರಿಲ್ಲದ ಪುಡಿ-ಗುಳಿಗೆ ಕೊಡುವವರಿಂದ, ಬರೀ ನಿದ್ದೆ ಮಾತ್ರೆ ಬರೆದು ಕಳಿಸುವವರಿಂದ ದೂರ ಇರಿ. ದೇವರಿಗೆ ಹರಕೆ ಹೊತ್ತುಕೊಂಡರೆ ತಪ್ಪೇನಿಲ್ಲ, ಆದರೆ ಅದಕ್ಕಾಗಿ ಮಾತ್ರೆ ಬಿಡಿಸಬಾರದು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದಕ್ಕೆ ಕಾಯ್ದೆಯಲ್ಲಿ ನಿಷೇಧ ಇದೆ.

ಮೊದಲ ಭೇಟಿಗೆ ಏನು ಒಯ್ಯಬೇಕು?

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಜೊತೆ ಸಿಗುವ ಸಮಯ ಕಡಿಮೆ. ಅದಕ್ಕೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ:

1. ಯಾವ ವರ್ಷ, ಯಾವ ತಿಂಗಳು ಏರು ಅಥವಾ ಇಳಿತ ಕಂಡಿತ್ತು. ತಾರೀಖು ನೆನಪಿಲ್ಲದಿದ್ದರೆ ‘ಜಾತ್ರೆ ಮುಂದೆ’, ‘ಸುಗ್ಗಿ ಟೈಮ್’ ಎಂದಾದರೂ ಬರೆಯಿರಿ.
2. ಆಗ ದಿನಕ್ಕೆ ಎಷ್ಟು ತಾಸು ನಿದ್ದೆ, ಎಷ್ಟು ಖರ್ಚು, ಏನೇನು ಜಗಳ.
3. ಹಿಂದೆ ತಗೊಂಡ ಎಲ್ಲ ಮಾತ್ರೆಗಳ ಚೀಟಿ, ಖಾಲಿ ಪಾಕೀಟಾದರೂ ಸರಿ.
4. ಬಿ.ಪಿ., ಸಕ್ಕರೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ ಇದ್ದರೆ ಅದರ ವಿವರ. ಮಹಿಳೆಯರು ಗರ್ಭಿಣಿಯೇ, ಮಗು ಬೇಕೆಂದಿದ್ದಾರೆಯೇ ಎಂಬುದು.
5. ಸಾರಾಯಿ, ಗಾಂಜಾ ಚಟ ಇದ್ದರೆ ಮುಚ್ಚಿಡದೆ ಹೇಳುವುದು.
6. ಅಪ್ಪ-ಅವ್ವ, ಅಣ್ಣ-ತಮ್ಮಂದಿರು, ಸೋದರಮಾವ, ಹೀಗೆ ಬಳಗದಲ್ಲಿ ಯಾರಿಗಾದರೂ ಇಂಥದ್ದೇ ಆಗಿತ್ತೇ, ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೇ.

ಎಲ್ಲ ಚೀಟಿ, ರಕ್ತದ ರಿಪೋರ್ಟ್ ಒಂದೇ ಫೈಲಿನಲ್ಲಿ ಇರಲಿ. ಡಾಕ್ಟರ್ ಬದಲಾದರೂ ಫೈಲು ಬದಲಾಗಬಾರದು. ತನ್ನ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕು ರೋಗಿಗೆ ಇದೆ.

ಮಾತ್ರೆ ವಿಷಯದಲ್ಲಿ ಎಚ್ಚರ

ಲಿಥಿಯಂ: 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಇದರ ಉಪಯೋಗ ತೋರಿಸಿಕೊಟ್ಟರು. ಇಂದಿಗೂ ಈ ಕಾಯಿಲೆಗೆ ಮುಖ್ಯ ಔಷಧಿ, ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿದ 12 ತಾಸಿನ ನಂತರ. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ ರಕ್ತ, ಬೆಳಗಿನ ಮಾತ್ರೆ ಇದ್ದರೆ ಅದು ಆಮೇಲೆ. ಸುಮಾರು ಆರು ತಿಂಗಳಿಗೊಮ್ಮೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಬೇಕು.

ನಮ್ಮ ಕಡೆಯ ಬೇಸಿಗೆಗೆ ಇದು ಇನ್ನೂ ಮುಖ್ಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಿಸಿಲಲ್ಲಿ ಚೀಲ ಹೊರುವವರು, ಹೊಲದಲ್ಲಿ ದುಡಿಯುವವರು ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ-ಭೇದಿ, ದಿಢೀರ್ ಉಪ್ಪು ಬಿಡುವುದು, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಯಿಂದಲೂ ಅದು ಏರಬಹುದು. ರಂಜಾನ್ ರೋಜಾ, ನೀರೂ ಕುಡಿಯದ ಉಪವಾಸ ಮಾಡುವವರು ಮೊದಲೇ ಡಾಕ್ಟರನ್ನು ಕೇಳಬೇಕು. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು, ವಾಂತಿ-ಭೇದಿ ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ‘ಕುಡಿದಿದಾನ’ ಎಂದು ತಿಳಿದು ಮಲಗಿಸಬೇಡಿ.

ವಾಲ್ಪ್ರೋಯೇಟ್: ಗರ್ಭದಲ್ಲಿರುವ ಮಗುವಿಗೆ ಅಪಾಯ ಇರುವುದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡಬಾರದು. ಈಗಾಗಲೇ ತಗೊಳ್ಳುತ್ತಿದ್ದರೆ ತಾವೇ ಬಿಡದೆ, ಮದುವೆ ಅಥವಾ ಮಗುವಿನ ಯೋಚನೆ ಬಂದಾಗಲೇ ಡಾಕ್ಟರಿಗೆ ಹೇಳಿ.

ಓಲಾಂಜಪಿನ್‌ನಂಥ ಮಾತ್ರೆಗಳು: ತೂಕ, ಸಕ್ಕರೆ ಏರಬಹುದು. ಆಗಾಗ ತೂಕ ನೋಡಿಕೊಳ್ಳಿ, ಸಕ್ಕರೆ ಪರೀಕ್ಷೆ ಮಾಡಿಸಿ. ಲ್ಯಾಮೋಟ್ರಿಜಿನ್, ಕಾರ್ಬಮಜೆಪಿನ್: ಮೈಮೇಲೆ ಗುಳ್ಳೆ, ದದ್ದು ಎದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

‘ಈಗ ಆರಾಮ ಅದೀನಿ, ಮಾತ್ರಿ ಯಾಕ?’

ಕಾಯಿಲೆ ಮರುಕಳಿಸಲು ದೊಡ್ಡ ಕಾರಣಗಳಲ್ಲಿ ಇದೊಂದು. ಆರಾಮ ಇರುವುದು ಮಾತ್ರೆಯಿಂದಲೇ ಆಗಿರಬಹುದು. ಲಿಥಿಯಂ ಅನ್ನು ದಿಢೀರ್ ಬಿಟ್ಟರೆ ಉನ್ಮಾದ ಬೇಗ ವಾಪಸ್ ಬರುವ ಅಪಾಯ ಹೆಚ್ಚು. ಕೈ ನಡುಕ, ನಿದ್ದೆಗಣ್ಣು, ತೂಕ, ದಾಂಪತ್ಯದ ತೊಂದರೆ ಇದ್ದರೆ ನಾಚಿಕೆಪಡದೆ ಹೇಳಿ. ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು. ಡಾಕ್ಟರ್ ಸರಿಹೊಂದಲಿಲ್ಲ ಎನಿಸಿದರೆ ಬೇರೆಯವರ ಹತ್ರ ಹೋಗಬಹುದು, ಆದರೆ ಹೊಸಬರು ಸಿಗುವವರೆಗೆ ಹಳೆಯ ಮಾತ್ರೆ ನಡೆಯಲಿ. ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸಿ ಕೊಡುವ ರೂಢಿ ಬೇಡ. ಗೊತ್ತಾದ ದಿನ ರೋಗಿ ಊಟವನ್ನೂ ನಂಬುವುದಿಲ್ಲ, ಮನೆಯವರನ್ನೂ ನಂಬುವುದಿಲ್ಲ.

ಅಂಗಡಿಕಾರರಿಗೆ ವಿಶೇಷ ಸೂಚನೆ

ನಿದ್ದೆಗೇಡು ಉನ್ಮಾದವನ್ನು ಎಬ್ಬಿಸುತ್ತದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ರಾತ್ರಿಯಿಡೀ ಲಾರಿ ಲೋಡ್ ಮಾಡಿಸುವುದು, ದೀಪಾವಳಿಗೆ ಲೆಕ್ಕ ಮುಗಿಸಲು ಎದ್ದು ಕೂರುವುದು ಈ ಕಾಯಿಲೆ ಇರುವವರಿಗೆ ಆಗಿಬರುವುದಿಲ್ಲ. ಆ ಕೆಲಸ ಮನೆಯಲ್ಲಿ ಬೇರೆಯವರಿಗೆ ವಹಿಸಿ.

ಆರಾಮ ಇರುವಾಗಲೇ ರೋಗಿಯೂ ಮನೆಯವರೂ ಡಾಕ್ಟರ್ ಎದುರು ಕೂತು ಒಂದು ಒಪ್ಪಂದ ಬರೆದಿಡಿ:

- ಸತತ ಎರಡು ರಾತ್ರಿ ನಿದ್ದೆ ಕೆಟ್ಟರೆ ಡಾಕ್ಟರಿಗೆ ಫೋನ್.
- ಇಂತಿಷ್ಟು ರೂಪಾಯಿ ಮೀರಿದ ಖರೀದಿಗೆ ಮನೆಯ ಇನ್ನೊಬ್ಬರ ಒಪ್ಪಿಗೆ.
- ಚೆಕ್ ಬುಕ್, ಗಾಡಿ ಕೀಲಿ ಯಾರ ಹತ್ರ ಇರಬೇಕು, ಯುಪಿಐ ಮಿತಿ ಎಷ್ಟು.
- ಅಂಗಡಿ ಯಾರು ನೋಡಬೇಕು, ಆಸ್ಪತ್ರೆಗೆ ಯಾರು ಕರೆದೊಯ್ಯಬೇಕು.

ತನ್ನ ಪರವಾಗಿ ಮಾತಾಡಲು ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ರೋಗಿಯೇ ಆರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು ಎಂದು ಕಾಯ್ದೆ ಹೇಳುತ್ತದೆ. ಪಕ್ಕದ ಅಂಗಡಿಯವರಿಗೂ ಒಂದು ಮಾತು: ಪರಿಚಯದವರು ದಿಢೀರ್ ವಿಪರೀತ ಮಾಲು ಕೇಳಿದರೆ ಲಾಭ ನೋಡದೆ ಅವರ ಮನೆಗೆ ಒಂದು ಫೋನ್ ಮಾಡಿ.

ತುರ್ತು ಸಂದರ್ಭದಲ್ಲಿ

ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕ, ಮಾತ್ರೆಗಳ ದಾಸ್ತಾನು ಕೈಗೆ ಸಿಗದಂತೆ ಇಡಿ. ಊಟ-ನಿದ್ದೆ ಬಿಟ್ಟು ಹೊಡೆದಾಟಕ್ಕೆ ಇಳಿದರೂ ತಡ ಮಾಡಬೇಡಿ. ಆಂಬುಲೆನ್ಸ್‌ಗೆ 108, ಪೊಲೀಸ್ ನೆರವಿಗೆ 112, ಸಲಹೆಗೆ 14416. ರೋಗಿ ಒಪ್ಪದಿದ್ದಾಗಲೂ ಪ್ರಾಣಾಪಾಯ ಇದ್ದರೆ ಪ್ರತಿನಿಧಿಯ ಅರ್ಜಿ ಮೇಲೆ, ಇಬ್ಬರು ತಜ್ಞರು ಪರೀಕ್ಷಿಸಿದ ನಂತರ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ.

ಕಾಯಿಲೆಯಿಂದ ದುಡಿಯಲು ಆಗದಷ್ಟು ತೊಂದರೆ ಇದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾನಸಿಕ ಅಸ್ವಸ್ಥತೆಗೂ ಯುಡಿಐಡಿ ಕಾರ್ಡ್ ಸಿಗುತ್ತದೆ. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದಕ್ಕೂ ಬೇಕಾಗುವುದು ಅದೇ ಫೈಲು. ಇಂದೇ ಒಂದು ಫೈಲು ಮಾಡಿ, ಮುಂದಿನ ಭೇಟಿಯ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.