ಕೆಂಪು ಗುಳಗಿ ಹಿಂದಿನ ಕಥಿ

ನಮ್ಮ ಅಕ್ಕನ ಮಗಳಿಗೆ ಈಗ ಐದರಾಗ ನಡದದ. ದವಾಖಾನಿಯೊಳಗ ಕೊಟ್ಟ ಕೆಂಪು ಗುಳಗಿ ಡಬ್ಬ್ಯಾಗ ಹಂಗೇ ಬಿದ್ದಿದ್ವು. "ವಾಸನಿ ಬರ್ತದ, ಮೌಶಿ" ಅಂದ್ಲು. ಕೂಡಿಸ್ಕೊಂಡು ಈ ಕಥಿ ಹೇಳಿದೆ. ನೀವೂ ಕೇಳ್ರಿ.

1928ರಾಗ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ಡಾಕ್ಟರಬಾಯಿ ಮುಂಬೈಗೆ ಬಂದ್ರು. ನಮ್ಮ ಧಾರವಾಡನೂ ಆಗ ಮುಂಬೈ ಪ್ರಾಂತದಾಗೇ ಇತ್ತು. ಅಲ್ಲಿ ಬಟ್ಟಿ ಗಿರಣಿಯೊಳಗ ದುಡಿಯೋ ಬಸರಿ ಹೆಣ್ಣಮಕ್ಕಳು ರಕ್ತ ಕಮ್ಮಿಯಾಗಿ ಸಾಯ್ತಿದ್ರು. ವಿಲ್ಸ್ ಅವರು ಇವರ ತಾಟಿನ್ಯಾಗ ಏನದ ಅಂತ ನೋಡಿದ್ರು. ಬಡವರ ತಾಟಿನ್ಯಾಗ ಹಣ್ಣು, ಕಾಯಿಪಲ್ಯಾ ಭಾಳ ಕಡಿಮಿ. ಅಂಥಾದ್ದೇ ಊಟ ಹಾಕಿ ಇಲಿ, ಮಂಗ್ಯಾಗಳ ಮ್ಯಾಲೂ ಪರೀಕ್ಷಾ ಮಾಡಿದ್ರು. ಗುಣ ಕೊಟ್ಟದ್ದು ಯಾವುದು ಗೊತ್ತದೇನು? ಮಾರ್ಮೈಟ್! ಬಿಯರ್ ಮಾಡಿದ ಮ್ಯಾಲೆ ಉಳಿಯೋ ಯೀಸ್ಟಿನಿಂದ ಮಾಡಿದ್ದು, ಇಂಗ್ಲಿಷರು ಬ್ರೆಡ್ಡಿಗೆ ಹಚ್ಚಿ ತಿಂತಾರ. ಅದನ್ನ ತಿಂದ ಬಸರಿಯರು ಚೇತರಿಸಿಕೊಂಡ್ರು. 1931ರಾಗ ವಿಲ್ಸ್ ಇದನ್ನ ಬರದು ಪ್ರಕಟ ಮಾಡಿದ್ರು.

ಅದರಾಗಿನ ಸತ್ವಕ್ಕ ಹೆಸರು ಬಂದದ್ದು 1941ರಾಗ, ಪಾಲಕ ಸೊಪ್ಪಿನಿಂದ ತೆಗದಾಗ. ಲ್ಯಾಟಿನ್ನಿನ್ಯಾಗ ಎಲಿಗೆ ಫೋಲಿಯಂ ಅಂತಾರ. ಹಂಗಾಗಿ ಫೋಲಿಕ್ ಆಸಿಡ್. ಕೆಂಪು ಗುಳಗ್ಯಾಗ ಕಬ್ಬಿಣದ ಜೋಡಿ ಇರೋದು ಇದೇ.

1991ರಾಗ ಇನ್ನೊಂದು ಸಂಶೋಧನಾ ಬಂತು. ಬೆನ್ನುಹುರಿ ದೋಷದ ಕೂಸು ಒಮ್ಮೆ ಆದ ತಾಯಂದಿರು ಮುಂದಿನ ಬಸಿರಿಗೆ ಮೊದಲಿಂದನೇ ಫೋಲಿಕ್ ತೊಗೊಂಡ್ರ, ಆ ದೋಷ ನೂರಕ್ಕ 72ರಷ್ಟು ಕಡಿಮಿ ಆತು. ಬೆನ್ನುಹುರಿ ಮೊದಲನೇ ತಿಂಗಳದಾಗೇ ಕಟ್ಟತದ. ಅದಕ್ಕ ಕೂಸು ಬೇಕು ಅಂದಾಗಿಂದನೇ ಡಾಕ್ಟರಿಗೆ ಕೇಳಿ ಶುರು ಮಾಡ್ರಿ.

ಗಿರಣಿ ಹೆಣ್ಣಮಕ್ಕಳ ಸಂಕಟದಿಂದ ಸಿಕ್ಕ ಗುಳಗಿ ಇದು. ನಮ್ಮ ಹುಡುಗಿ ಅವತ್ತು ರಾತ್ರಿ ಲಿಂಬಿಹಣ್ಣು ಚೀಪಿ, ಗುಳಗಿ ನುಂಗಿ ಮಲಗಿದ್ಲು.