ಸುಪೆರ್ಗಾ ಬೆಟ್ಟದ ಗೋಡೆ

ಇಟಲಿಯ ಟ್ಯೂರಿನ್ ನಗರದ ಮಗ್ಗುಲಲ್ಲಿ ಸುಪೆರ್ಗಾ ಎಂಬ ಬೆಟ್ಟವಿದೆ. 1706ರಲ್ಲಿ ಫ್ರೆಂಚರ ಸೇನೆ ನಗರವನ್ನು ಮುತ್ತಿದಾಗ, ಗೆದ್ದರೆ ಇದರ ನೆತ್ತಿಯ ಮೇಲೆ ದೇವಮಂದಿರವನ್ನು ಕಟ್ಟಿಸುವೆನೆಂದು ಸವಾಯ್ ಮನೆತನದ ಎರಡನೆಯ ವಿಕ್ಟರ್ ಅಮೇಡಿಯಸ್ ಹರಕೆ ಹೊತ್ತನಂತೆ. ಗೆದ್ದ; ವಾಸ್ತುಶಿಲ್ಪಿ ಫಿಲಿಪ್ಪೊ ಯುವಾರಾನಿಂದ ಭವ್ಯವಾದ ಇಗರ್ಜಿಯನ್ನೂ ಕಟ್ಟಿಸಿದ. ಗೆಲುವಿನ ಆ ಸ್ಮಾರಕವು ಎರಡು ಶತಮಾನಗಳ ತರುವಾಯ ಶೋಕದ ಸ್ಮಾರಕವೂ ಆದುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಇಟಲಿಗೆ ಟೊರಿನೊ ಕಾಲ್ಚೆಂಡು ತಂಡವೊಂದು ಹೆಮ್ಮೆಯ ವಸ್ತುವಾಗಿತ್ತು. 1947ರ ಮೇ 11ರಂದು ಹಂಗೇರಿಯನ್ನು ಎದುರಿಸಿದ ರಾಷ್ಟ್ರೀಯ ತಂಡದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಈ ಒಂದೇ ಸಂಘದವರು. ವಾಲೆಂಟಿನೊ ಮಾತ್ಸೋಲಾ ಇದರ ನಾಯಕ.

1949ರ ಮೇ 3ರಂದು ಈ ತಂಡ ಲಿಸ್ಬನ್ನಿನಲ್ಲಿ ಬೆನ್‌ಫಿಕಾ ಸಂಘದೊಡನೆ ಸ್ನೇಹಪಂದ್ಯವಾಡಿತು. ಮರುದಿನ, ಬಾಡಿಗೆಗೆ ಗೊತ್ತುಮಾಡಿದ ಮೂರು ಎಂಜಿನ್ನುಗಳ ಫಿಯಟ್ ವಿಮಾನದಲ್ಲಿ, ಬಾರ್ಸಿಲೋನಾ ಮಾರ್ಗವಾಗಿ ಊರಿಗೆ ಹೊರಟಿತು. ಟ್ಯೂರಿನ್ನಿನಲ್ಲಿ ಮಳೆ, ಗಾಳಿ, ಬೆಟ್ಟವನ್ನು ಮರೆಮಾಡಿದ ಮೋಡ. ಸಂಜೆ ಐದು ಗಂಟೆಯ ಸುಮಾರಿಗೆ, ನೆಲ ಮುಟ್ಟಲು ಇನ್ನು ಕೆಲವೇ ನಿಮಿಷಗಳಿರುವಾಗ, ವಿಮಾನ ಇಗರ್ಜಿಯ ಹಿಂಬದಿಯ ಗೋಡೆಗೆ ಅಪ್ಪಳಿಸಿತು. 18 ಆಟಗಾರರೂ ಮೂವರು ಪತ್ರಕರ್ತರೂ ಸೇರಿ ಅದರಲ್ಲಿದ್ದ 31 ಮಂದಿಯೂ ಮಡಿದರು. ಶವಗಳ ಗುರುತು ಹಿಡಿಯುವ ಘೋರ ಕರ್ತವ್ಯ, 1934 ಮತ್ತು 1938ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟಿದ್ದ ಗುರು ವಿತ್ತೋರಿಯೊ ಪೊತ್ಸೋನ ಪಾಲಿಗೆ ಬಂದಿತು.

ಇಂಥದನ್ನು ಕೇಳಿದೊಡನೆ ನಾವು 'ವಿಧಿ' ಎಂದುಬಿಡುತ್ತೇವೆ. ನಮ್ಮ ಕಾವ್ಯಗಳೂ ಆ ಮಾತನ್ನು ಧಾರಾಳವಾಗಿ ಬಳಸಿವೆ. ಅದು ಸಮಾಧಾನ ಹೇಳುತ್ತದೆ, ನಿಜ. ಆದರೆ ಕಾರಣಗಳನ್ನೂ ಮುಚ್ಚಿಬಿಡುತ್ತದೆ. ಅಡ್ಡಗಾಳಿ ವಿಮಾನವನ್ನು ದಾರಿಯಿಂದ ಸರಿಸಿರಬಹುದು. ಎತ್ತರವನ್ನು ತೋರಿಸುವ ಉಪಕರಣ ತಪ್ಪಿರಬಹುದೆಂಬ ಊಹೆಯೂ ಉಂಟು. ಕಣ್ಣು ಕಾಣದ ಮೋಡದಲ್ಲಿ ಬೆಟ್ಟದ ಬಳಿ ಇಳಿಯಹೊರಟದ್ದಂತೂ ಮನುಷ್ಯರ ನಿರ್ಧಾರವೇ.

ಅನಂತರ ನಡೆದುದೂ ಮನುಷ್ಯರ ನಿರ್ಧಾರವೇ. ಆ ವರ್ಷದ ಲೀಗಿನಲ್ಲಿ ನಾಲ್ಕು ಪಂದ್ಯಗಳು ಉಳಿದಿದ್ದವು. ಟೊರಿನೊ ತನ್ನ ಎಳೆಯರ ತಂಡವನ್ನು ಕಣಕ್ಕಿಳಿಸಿತು. ನಾಲ್ಕು ಪಂದ್ಯಗಳಲ್ಲಿಯೂ ಎದುರಾಳಿಗಳು ತಮ್ಮ ಎಳೆಯರನ್ನೇ ಇಳಿಸಿದರು. ಪ್ರಶಸ್ತಿ ಟೊರಿನೊಗೇ ಸಂದಿತು. ಎಳೆಯ ಅಭಿಮನ್ಯುವನ್ನು ಷಡ್ರಥರು ಸುತ್ತುವರಿದ ಕಥೆಯನ್ನು ಬಹುಕಾಲ ತರಗತಿಯಲ್ಲಿ ಪಾಠ ಹೇಳಿದ ನನಗೆ ಇದು ಸಣ್ಣ ಸಂಗತಿಯೆನಿಸುವುದಿಲ್ಲ.

ಮರುವರ್ಷ ಬ್ರೆಜಿಲಿನ ವಿಶ್ವಕಪ್ಪಿಗೆ ಇಟಲಿಯ ತಂಡ ಹಡಗಿನಲ್ಲಿ ಹೋಯಿತು. ಇಂದಿಗೂ ಮೇ 4ರಂದು ಟೊರಿನೊ ತಂಡದ ನಾಯಕ ಆ ಗೋಡೆಯ ಮುಂದೆ ನಿಂತು, ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾನೆ.